ಕಲಿಕೆಯ ಜಾಲಕ್ಕೆ ಸಿಕ್ಕ ಇಸವಿ

ನಿವೃತ್ತಿ ಎಂಬುದು ಮನುಷ್ಯನಿಗೆ ಬರುತ್ತದೆಯೇ ಹೊರತು ಅವನ ಚಟಕ್ಕೆ ಬರುವುದಿಲ್ಲ. ಮೇಷ್ಟರಾಗಿದ್ದವರು ಪಿಂಚಣಿ ಬಂದ ಮೇಲೂ ಹೋಟೆಲಿನ ತಿಂಡಿ ಪಟ್ಟಿಯಲ್ಲಿ ಕಾಗುಣಿತ ತಿದ್ದುತ್ತಾರೆ. ಬಸ್ಸಿನ ಕಂಡಕ್ಟರಾಗಿದ್ದವರು ಮದುವೆ ಮನೆಯಲ್ಲಿ ಕೂಡ ಬಾಗಿಲ ಬಳಿ ನಿಂತವರನ್ನು ಒಳಗೆ ಸರಿಯಿರಿ ಎನ್ನುತ್ತಾರೆ. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಶಾಸನಗಳ ಕಾಲನಿರ್ಣಯ ಮಾಡಿದವನು. ಅಂದರೆ, ಕಲ್ಲಿನ ಮೇಲೆ ಯಾರೋ ಎಂದೋ ಕೆತ್ತಿಸಿದ ತಿಥಿ, ವಾರ, ಸಂವತ್ಸರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ನೋಡುವುದು. ಹೊಂದದಿದ್ದಲ್ಲಿ, ಸತ್ತು ಶತಮಾನಗಳು ಕಳೆದವರ ಮೇಲೆ ಗುಮಾನಿ ಪಡುವುದು. ಇದಕ್ಕೆ ನನಗೆ ಸಂಬಳವೂ ಬರುತ್ತಿತ್ತು. ಈಗ ಕಲ್ಲುಗಳು ದೂರವಾಗಿವೆ, ಗುಮಾನಿ ಮಾತ್ರ ನನ್ನೊಡನೆ ಮನೆಗೆ ಬಂದಿದೆ. ಬಂದದ್ದು ಸುಮ್ಮನೆ ಒಂದು ಮೂಲೆಯಲ್ಲಿ ಕೂರದೆ, ಕೋಲಾರದ ನಮ್ಮ ಪುಟ್ಟ ಮನೆಯ ಹಜಾರಕ್ಕೂ ಗೇಟಿಗೂ ನಡುವೆ ಹಗಲೆಲ್ಲ ಓಡಾಡುತ್ತಿರುತ್ತದೆ. ಅದರ ಹಿಂದೆ ನಾನೂ ಓಡಾಡುತ್ತಿರುತ್ತೇನೆ.

ಒಮ್ಮೆ ನಮ್ಮ ಬೀದಿಯವರೊಬ್ಬರು ಮಗಳ ಮದುವೆಯ ಕಾಗದ ಕೊಟ್ಟು ಹೋದರು. ಕಾಗದದಲ್ಲಿ ದ್ವಾದಶಿ ಎಂದು ಅಚ್ಚಾಗಿತ್ತು. ಪಂಚಾಂಗ ತೆರೆದು ನೋಡಿದರೆ ಮುಹೂರ್ತದ ಹೊತ್ತಿಗೆ ದ್ವಾದಶಿ ಮುಗಿದು ತ್ರಯೋದಶಿ ಕಾಲಿಟ್ಟಿರುತ್ತದೆ. ಇದು ನನ್ನ ಕರ್ತವ್ಯವೆಂದು ಭಾವಿಸಿ ಅವರಿಗೆ ದೂರವಾಣಿ ಮಾಡಿದೆ. ಅವರು ಬಹಳ ತಾಳ್ಮೆಯಿಂದ ಕೇಳಿ, "ಸಾರ್, ಛತ್ರ ಬುಕ್ ಆಗಿದೆ, ಅಡುಗೆಯವರು ಬುಕ್ ಆಗಿದಾರೆ, ಗಂಡೂ ಒಪ್ಕೊಂಡಿದಾನೆ. ನೀವು ಬರ್ತೀರೋ ಇಲ್ವೋ, ಅಷ್ಟು ಹೇಳಿ ಸಾಕು" ಎಂದರು. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಜಯಮ್ಮ, "ಅದು ಲಗ್ನಪತ್ರಿಕೆ ಕಣ್ರೀ, ತಾಮ್ರಪಟ ಅಲ್ಲ. ಹೋಗಿ ಅಕ್ಷತೆ ಹಾಕಿ, ಒಬ್ಬಟ್ಟು ತಿಂದು ಬರೋ ಕೆಲ್ಸಕ್ಕೂ ನಿಮಗೆ ಆಧಾರ ಬೇಕಾ?" ಎಂದು ಕೇಳಿದಳು. ಒಬ್ಬಟ್ಟಿಗೆ ಆಧಾರ ಬೇಡವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬಂದ ಗುಮಾನಿಯನ್ನು ಎಲ್ಲಿಗಾದರೂ ಕಳುಹಿಸಬೇಕಲ್ಲ?

ಅದಕ್ಕೆ ದಾರಿ ತೋರಿದವನು ಪಿಳ್ಳಪ್ಪ. ಪಿಳ್ಳಪ್ಪ ನನ್ನ ಜೊತೆಯಲ್ಲೇ ಅದೇ ಕೆಲಸ ಮಾಡಿ, ಈಗ ಮಾಲೂರಿನಲ್ಲಿ ಸೇವಂತಿಗೆ ಗಿಡಗಳಿಗೆ ನೀರು ಹಾಕಿಕೊಂಡಿರುವವನು. ನನ್ನ ಚಡಪಡಿಕೆಯನ್ನು ಫೋನಿನಲ್ಲಿ ಕೇಳಿದವನೇ, "ಲೇ, ನಿನಗೆ ಬೇಕಾಗಿರೋದು ವಿಶ್ರಾಂತಿ ಅಲ್ಲ ಕಣೋ, ಜಗಳಕ್ಕೆ ಜನ. ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗ್ತಾರೆ, ಹೋಗು" ಎಂದ. ನಿವೃತ್ತರಿಗಾಗಿ ನಡೆಯುತ್ತಿದ್ದ ಆನ್‌ಲೈನ್ ಕಾರ್ಯಾಗಾರವೊಂದರ ಕೊಂಡಿಯನ್ನೂ ಕಳುಹಿಸಿದ. ಅದರ ವಿಷಯ ‘ವೈಯಕ್ತಿಕ ಕಲಿಕಾ ಜಾಲವನ್ನು ಕಟ್ಟಿಕೊಳ್ಳುವುದು ಹೇಗೆ’ ಎಂದು. ಅದನ್ನು ನಡೆಸಿಕೊಟ್ಟ ತರುಣಿ ಬಹಳ ನಯವಾಗಿ ಮಾತನಾಡುತ್ತಿದ್ದಳು. ಕಲಿಯುವವನು ಜ್ಞಾನವನ್ನು ಹುಡುಕಿಕೊಂಡು ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆಯುವ ಕಾಲ ಮುಗಿಯಿತಂತೆ; ತನ್ನ ಆಸಕ್ತಿಯ ಜನರನ್ನು, ಗುಂಪುಗಳನ್ನು, ಬ್ಲಾಗುಗಳನ್ನು, ವೀಡಿಯೊ ಚಾನೆಲ್ಲುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಕುಳಿತರೆ ಜ್ಞಾನವೇ ಅವನನ್ನು ಹುಡುಕಿಕೊಂಡು ಬರುತ್ತದಂತೆ. "ನೀವು ಒಂದು ಕೊಟ್ಟರೆ ಜಾಲ ನಿಮಗೆ ನಾಲ್ಕಾಗಿ ಹಿಂದಿರುಗಿಸುತ್ತದೆ, ಸಾರ್" ಎಂದು ಅವಳು ಹೇಳಿದಾಗ ನನಗೆ ರೋಮಾಂಚನವಾಯಿತು. ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯುವುದಕ್ಕೆ ಆಮೇಲೆ ಹೆಚ್ಚು ಕಾಲ ಬೇಕಾಗಲಿಲ್ಲ.

ನಾನು ಯಾವುದನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ. ಶಾಸನಾಸಕ್ತರ ವಾಟ್ಸ್ಯಾಪ್ ಗುಂಪುಗಳಿಗೆ ಸೇರಿದೆ. ಬ್ಲಾಗುಗಳಿಗೆ ಚಂದಾದಾರನಾದೆ. ಓದಬೇಕಾದುದನ್ನೆಲ್ಲ ಗುರುತಿಟ್ಟುಕೊಳ್ಳುವ ಒಂದು ಸೌಕರ್ಯವಿದೆಯೆಂದು ತಿಳಿದು, ಓದುವುದನ್ನು ನಿಲ್ಲಿಸಿ ಗುರುತಿಡುವುದರಲ್ಲೇ ದಿನ ಕಳೆದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಲರ್ಟ್ ಎಂಬ ಏರ್ಪಾಡು: ನಮಗೆ ಬೇಕಾದ ಪದವನ್ನು ಒಮ್ಮೆ ಬರೆದಿಟ್ಟರಾಯಿತು, ಅಂತರಜಾಲದ ಯಾವ ಮೂಲೆಯಲ್ಲಿ ಆ ಪದ ಕಾಣಿಸಿಕೊಂಡರೂ ಫೋನು ಗಂಟೆ ಬಾರಿಸಿ ತಿಳಿಸುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಗಂಟೆಗಳಿಗೆ ಬಿಡುವಿಲ್ಲದಾಯಿತು. ಮುದ್ದೆ ಮುರಿಯುವ ಕೈಗೆ ಫೋನು, ಹಲ್ಲುಜ್ಜುವ ಕೈಗೆ ಫೋನು. ಅಂತರಗಂಗೆಯ ಕಡೆಗೆ ವಾಯುವಿಹಾರಕ್ಕೆ ಹೊರಟವನು ನಡುದಾರಿಯಲ್ಲಿ ನಿಂತು ಓದುತ್ತಿದ್ದರೆ ಹಿಂದಿನಿಂದ ಬಂದ ಆಟೊದವರು ನನ್ನ ವಂಶವನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಜಯಮ್ಮನಿಗೂ ಒಂದು ಜಾಲವಿದೆ. ಶ್ರೀನಿವಾಸಪುರದ ಅವಳ ತಂಗಿಯೊಂದಿಗೆ ಮಾವಿನಕಾಯಿ ಉಪ್ಪಿನಕಾಯಿಯ ವಿಷಯ ಮಾತನಾಡಬೇಕಾದರೆ ಒಂದು ಧ್ವನಿಸಂದೇಶ ಕಳುಹಿಸುತ್ತಾಳೆ, ಅರ್ಧ ಕನ್ನಡ ಅರ್ಧ ತೆಲುಗಿನ ಒಂದು ಉತ್ತರ ಬರುತ್ತದೆ, ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು ಒಗ್ಗರಣೆಗೆ ಹೋಗುತ್ತಾಳೆ. ಉತ್ತರ ಸಿಕ್ಕ ಮೇಲೆ ಫೋನನ್ನು ಕೆಳಗಿಡುವುದು ಸಾಧ್ಯವೆಂಬ ಸಂಗತಿಯೇ ನನಗೆ ಹೊಳೆದಿರಲಿಲ್ಲ.

ಗುಂಪುಗಳಲ್ಲಿ ನನ್ನ ನಡವಳಿಕೆ ಹೇಗಿತ್ತೆಂದು ನಾನೇ ಹೇಳುವುದು ಸರಿಯಲ್ಲ. ಆದರೂ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬರು ತಮ್ಮೂರ ಗುಡಿಯ ಚಿತ್ರ ಹಾಕಿ ‘ಸಾವಿರಾರು ವರ್ಷಗಳ ಹಿಂದಿನದು’ ಎಂದು ಬರೆದರು. ಎಷ್ಟು ಸಾವಿರ ಎಂದು ಕೇಳಿದೆ. ‘ತುಂಬಾ’ ಎಂದರು. ಆಧಾರ ಕೇಳಿದೆ. ‘ನಮ್ಮ ತಾತ’ ಎಂದರು. ತಾತನವರ ಹೇಳಿಕೆಗೆ ಆಧಾರವೇನೆಂದು ವಿನಯದಿಂದಲೇ ವಿಚಾರಿಸಿದೆ. ಅವರು ಗುಂಪನ್ನು ಬಿಟ್ಟು ಹೋದರು. ಗುಂಪಿನ ಅಡ್ಮಿನ್ನರು ನನಗೆ ಪ್ರತ್ಯೇಕವಾಗಿ ಬರೆದರು: ‘ಸಾರ್, ತಾವು ಬಂದ ಮೇಲೆ ನಮ್ಮಲ್ಲಿ ಜ್ಞಾನ ಹೆಚ್ಚಾಗಿದೆ, ಜನ ಕಮ್ಮಿಯಾಗಿದ್ದಾರೆ.’ ಇದನ್ನು ನಾನು ಪ್ರಶಂಸೆಯೆಂದೇ ತೆಗೆದುಕೊಂಡೆ. ಪರಸ್ಪರ ಸಂಬಂಧವಿಲ್ಲದ ಎರಡು ಆಧಾರಗಳಿಲ್ಲದೆ ಯಾವ ಇಸವಿಯನ್ನೂ ಒಪ್ಪಬಾರದೆಂಬುದು ನಾನು ಇಡೀ ಜೀವಮಾನ ಪಾಲಿಸಿಕೊಂಡು ಬಂದ ವ್ರತ. ಜಾಲದ ಸುಖಕ್ಕಾಗಿ ವ್ರತಭಂಗ ಮಾಡಲಾದೀತೆ?

ಹೀಗಿರುವಾಗ ಮುಳಬಾಗಿಲಿನಲ್ಲಿ ಇತಿಹಾಸ ಪಾಠ ಮಾಡುವ ನಾಗವೇಣಿ ಎಂಬ ಅಧ್ಯಾಪಕಿ ನನ್ನ ಜಾಲಕ್ಕೆ ಬಂದರು. ಅವರು ಒಂದು ಬ್ಲಾಗು ಬರೆಯುತ್ತಾರೆ, ಆಧಾರ ಕೇಳಿದರೆ ಅಳುವುದಿಲ್ಲ. ಎರಡೂ ಅಪರೂಪದ ಗುಣಗಳು. ಅವರ ಮೂಲಕ ಪರಿಚಯವಾದವರು ಮುನಿರತ್ನಮ್ಮ. ತಾಯಲೂರಿನ ಆಚೆಗಿನ ಒಂದು ಹಳ್ಳಿಯ ಕೆರೆ ಸಂಘಕ್ಕೆ ಈಕೆ ಅಧ್ಯಕ್ಷೆ. ಹಿಪ್ಪುನೇರಳೆಯನ್ನೂ ಟೊಮೇಟೊವನ್ನೂ ಬೆಳೆಯುವವರು. ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. ಅವರ ಕೆರೆಯ ತೂಬಿನ ಪಕ್ಕದಲ್ಲಿ ಒಂದು ಶಾಸನದ ಕಲ್ಲಿದೆ. ಹೂಳು ತೆಗೆಸಿ ಏರಿ ಸರಿಮಾಡಿದ ಸಂಘದವರಿಗೆ, ತೂಬು ಕಟ್ಟಿಸಿದ ಇಸವಿಯನ್ನು ಹೇಳುವ ಒಂದು ಗ್ರಾನೈಟ್ ಫಲಕವನ್ನು ಏರಿಯ ಮೇಲೆ ನಿಲ್ಲಿಸಬೇಕೆಂದು ಆಸೆ. ಆಸೆಗೆ ಕಾರಣವೂ ಇತ್ತು. ಬೈರಕೂರಿನ ಕಡೆಯ ನೆರೆಯ ಹಳ್ಳಿಯವರು ತಮ್ಮ ಕೆರೆಗೆ ಆಗಲೇ ಇಸವಿ ಸಹಿತ ಫಲಕ ನಿಲ್ಲಿಸಿದ್ದರು. ಎರಡೂ ಕೆರೆಗಳು ತುಂಬಿ ಕೋಡಿ ಹರಿದ ವರ್ಷ ಎರಡೂ ಊರಿನ ಹೆಂಗಸರು ಕೂಡಿ ನೀರಿನಲ್ಲಿ ದೀಪ ತೇಲಿಸುತ್ತಾರೆ. ಮೊದಲ ದೀಪ ಹಿರಿಯ ಕೆರೆಗೆ. ಹಿರಿಯ ಕೆರೆ ಯಾವುದೆಂಬುದನ್ನು ಈವರೆಗೆ ಗಟ್ಟಿಯಾಗಿ ಕೂಗಿದವರು ತೀರ್ಮಾನಿಸುತ್ತಿದ್ದರು. ಈ ವರ್ಷ ಎರಡೂ ಕೆರೆ ತುಂಬುವ ಲಕ್ಷಣವಿತ್ತು.

"ಅವ್ರು ಕಲ್ಲು ನೆಟ್ಟು ನಮ್ಮ ಕಡೆ ನೋಡಿ ನಗ್ತಾವ್ರೆ ಸಾರ್" ಎಂದರು ಮುನಿರತ್ನಮ್ಮ ಫೋನಿನಲ್ಲಿ. "ನಮ್ದೂ ಕಲ್ಲು ಬಂದೈತೆ. ಕೆತ್ತೋರೂ ಬಂದವ್ರೆ. ಒಂದು ಇಸವಿ ಹೇಳ್ಬಿಟ್ರೆ ನಿಮ್ಮ ಪುಣ್ಯ."

ಹೇಳುವುದು ಸುಲಭವಾಗಿರಲಿಲ್ಲ. ನಾಗವೇಣಿಯವರು ಕಳುಹಿಸಿದ ಚಿತ್ರಗಳಲ್ಲಿ, ವರ್ಷದ ಅಂಕಿಗಳಿರಬೇಕಾದ ಮೂಲೆ ಒಡೆದು ಹೋಗಿತ್ತು; ಉಳಿದದ್ದು ಸಂವತ್ಸರದ ಹೆಸರೊಂದೇ. ಸಂವತ್ಸರದ ತೊಂದರೆಯೇನೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಹೊತ್ತು ಮರಳಿ ಬರುತ್ತದೆ. ಅಕ್ಷರಗಳ ರೂಪ ನೋಡಿ ಎರಡು ಆವರ್ತಗಳವರೆಗೆ ಇಳಿಸಬಹುದಿತ್ತು: ಮೊದಲಿನದು, ಇಲ್ಲವೇ ಅದರಿಂದ ಅರವತ್ತು ವರ್ಷ ಈಚಿನದು. ನೆರೆಯೂರಿನವರ ಇಸವಿ ಸರಿಯಾಗಿ ಇವೆರಡರ ನಡುವೆ ಕುಳಿತಿತ್ತು. ಮೊದಲಿನದಾದರೆ ಮುನಿರತ್ನಮ್ಮನವರ ಕೆರೆ ಹಿರಿಯದು, ಈಚಿನದಾದರೆ ಕಿರಿಯದು. ಆ ಇಸವಿಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಅನುಭವವಾದ ಮೇಲೆ ನಾನು ಯಾವ ಇಸವಿಯನ್ನೂ ಎಲ್ಲಿಯೂ ಬರೆಯಲು ಹೆದರುತ್ತೇನೆ.

ಜಾಲವಿರುವುದು ಇಂಥ ಹೊತ್ತಿಗಲ್ಲವೆ ಎಂದುಕೊಂಡು, ಒಂದು ಗುಂಪಿನಲ್ಲಿ ಪ್ರಶ್ನೆಯೊಂದನ್ನು ಬಿಟ್ಟೆ: ‘ಈ ಶಾಸನವು ಬಹುಶಃ ಮೊದಲ ಆವರ್ತದ ಇಂಥ ವರ್ಷದ್ದಿರಬಹುದೇ? ಸೂಕ್ಷ್ಮ ಪರಿಶೀಲನೆ ಅಗತ್ಯ. ಬಲ್ಲವರು ತಿಳಿಸಬೇಕು.’ ಅನುಮಾನಕ್ಕೆ ಇಷ್ಟು ಬೇಲಿ ಕಟ್ಟಿದ ವಾಕ್ಯವನ್ನು ನಾನು ಇಡೀ ವೃತ್ತಿಜೀವನದಲ್ಲಿ ಬರೆದಿರಲಿಲ್ಲ. ಒಬ್ಬರೂ ಉತ್ತರಿಸಲಿಲ್ಲ. ಸಂದೇಶವನ್ನು ಎಲ್ಲರೂ ನೋಡಿದ್ದಾರೆಂದು ಫೋನು ಹೇಳುತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಏಳುವುದು, ಫೋನು ನೋಡುವುದು, ಕೂರುವುದು, ಮತ್ತೆ ಏಳುವುದು. ಜಯಮ್ಮ ಹುರುಳಿಕಾಯಿ ಬಿಡಿಸುತ್ತ ನೋಡಿ ನೋಡಿ ಸಾಕಾಗಿ, "ಅಲ್ರೀ, ಆ ಕಲ್ಲು ಇರೋದು ತಾಯಲೂರಿನ ಹತ್ರ ತಾನೇ? ಮುಳಬಾಗಿಲಿಗೆ ಬಸ್ಸು ಇಲ್ವಾ? ಹೋಗಿ ನೋಡ್ಕೊಂಡು ಬರಬಾರದಾ?" ಎಂದಳು. ಜ್ಞಾನವು ಹುಡುಕಿಕೊಂಡು ಬರುವ ಕಾಲದಲ್ಲಿ ಬಸ್ಸು ಹತ್ತುವುದು ಹಳೆಯ ಪದ್ಧತಿಯೆಂದು ಅವಳಿಗೆ ತಿಳಿಸಿದೆ. ಅವಳು ಹುರುಳಿಕಾಯಿಯ ನಾರನ್ನು ಸ್ವಲ್ಪ ಜೋರಾಗಿಯೇ ಎಳೆದಳು.

ಜ್ಞಾನ ನಿಜವಾಗಿಯೂ ಬಂತು. ಕೆಲವು ದಿನಗಳ ನಂತರ ಅಲರ್ಟಿನ ಗಂಟೆ ಹೊಡೆಯಿತು: ಯಾವುದೋ ಆನ್‌ಲೈನ್ ನಕ್ಷೆಯಲ್ಲಿ ಆ ಕೆರೆಯ ಮೇಲೆ ಒಂದು ಗುರುತು, ಕೆಳಗೆ ಇಸವಿ. ನಾನು ಊಹಿಸಿದ್ದ ಅದೇ ಇಸವಿ! ಮರುವಾರ ಶ್ರೀನಿವಾಸಪುರದ ಹರೀಶ ಎಂಬ ಮಾವಿನ ಮಂಡಿಯ ವ್ಯಾಪಾರಿಯ ವೀಡಿಯೊ. ಸುಗ್ಗಿ ಮುಗಿದ ಮೇಲೆ ಈತ ಡ್ರೋನು ಹಾರಿಸಿ ಹಳೆಯ ಕೆರೆಗಳನ್ನು ಚಿತ್ರೀಕರಿಸುತ್ತಾನಂತೆ. ಹಿನ್ನೆಲೆಯಲ್ಲಿ ಭಯಂಕರ ವಾದ್ಯಗಳು ಮೊಳಗುತ್ತಿರುವಾಗ, ಆತನ ಗಂಭೀರ ಧ್ವನಿ ಅದೇ ಇಸವಿಯನ್ನು ಘೋಷಿಸಿತು. ಅದರ ಹಿಂದೆಯೇ ನಾಗವೇಣಿಯವರ ಬ್ಲಾಗಿನಲ್ಲಿ ಕೂಡ ಅದೇ ಇಸವಿ, ಸುಂದರವಾದ ಗದ್ಯದಲ್ಲಿ. ಎರಡು ಆಧಾರ ಕೇಳಿದವನಿಗೆ ಮೂರು ಬಂದಿದ್ದವು. ಮೂರು ಕಡೆ, ಮೂರು ಸಾಧನ, ಒಂದೇ ವರ್ಷ. ನನ್ನ ಊಹಾಶಕ್ತಿಯ ಬಗ್ಗೆ ನನಗೇ ಗೌರವ ಹುಟ್ಟಿತು. ಮುನಿರತ್ನಮ್ಮನವರಿಗೆ ಫೋನು ಮಾಡಿ, "ಸಂಶಯವಿಲ್ಲ, ಕೆತ್ತಿಸಿ. ನಿಮ್ಮ ಕೆರೆಯೇ ಹಿರಿಯದು" ಎಂದುಬಿಟ್ಟೆ. ಆ ಕಡೆಯಿಂದ ಅವರ ಸಂತೋಷದ ಜೊತೆಗೆ ಯಾರೋ ಶಿಳ್ಳೆ ಹೊಡೆದದ್ದೂ ಕೇಳಿಸಿತು.

ಈ ಹಿಗ್ಗನ್ನು ಹಂಚಿಕೊಳ್ಳಲು ಪಿಳ್ಳಪ್ಪನಿಗೆ ಕರೆ ಮಾಡಿದ್ದೇ ನನ್ನ ನೆಮ್ಮದಿಯ ಕೊನೆ.

"ಮೂರು ಆಧಾರ ಅಂದ್ಯಲ್ಲ, ಆ ಮೂವರಿಗೂ ಹೇಳಿದ್ಯಾರ್ಲಾ?" ಎಂದ ಅವನು.

"ಅದು ಅವರವರ ಸ್ವತಂತ್ರ ಸಂಶೋಧನೆ."

"ಕೇಳಿದ್ಯಾ?"

ಕೇಳಿರಲಿಲ್ಲ. ಯಾರದೋ ತಾತನ ಆಧಾರಕ್ಕೆ ಆಧಾರ ಕೇಳಿದವನು, ನನಗೆ ಹಿತವಾದ ಇಸವಿ ಬಂದಾಗ ಕೇಳಿರಲಿಲ್ಲ. ಕೂಡಲೇ ನಾಗವೇಣಿಯವರಿಗೆ ಫೋನು ಮಾಡಿದೆ. "ಆ ವೀಡಿಯೊದಲ್ಲಿ ಅಷ್ಟು ಖಚಿತವಾಗಿ ಹೇಳಿದ್ರಲ್ಲ ಸಾರ್, ನೀವೂ ಮೆಚ್ಚಿಗೆ ಒತ್ತಿದ್ರಿ. ಅದನ್ನ ನೋಡಿಯೇ ಧೈರ್ಯ ಮಾಡಿ ಬರೆದೆ" ಎಂದರು. ಮೆಚ್ಚುಗೆಯ ಗುಂಡಿ ಒತ್ತಿದವನು ನಾನೇ; ಅಲ್ಲಗಳೆಯುವಂತಿರಲಿಲ್ಲ. ಹರೀಶನ ಸಂಖ್ಯೆಯನ್ನು ಅವರಿಂದಲೇ ಪಡೆದು ಅವನಿಗೆ ಕರೆ ಮಾಡಿದೆ. ಹೆಸರು ಹೇಳದೆ, ವೀಡಿಯೊ ನೋಡಿದವನೊಬ್ಬನೆಂದಷ್ಟೇ ಹೇಳಿ, ಆ ಇಸವಿ ಎಲ್ಲಿ ಸಿಕ್ಕಿತೆಂದು ಕೇಳಿದೆ.

"ಮ್ಯಾಪ್‌ನಲ್ಲೇ ಇದೆಯಲ್ಲ ಸಾರ್" ಎಂದ.

"ಮ್ಯಾಪಿನಲ್ಲಿ ಹಾಕಿದವರು ಯಾರು?"

"ಅದೂ ನಾನೇ ಸಾರ್. ಮೊದಲು ಮ್ಯಾಪು, ಆಮೇಲೆ ವೀಡಿಯೊ."

"ನಿಮಗೆ ಹೇಳಿದವರು?"

"ಒಂದು ಫಾರ್ವರ್ಡ್ ಬಂತು ಸಾರ್. ಕೋಲಾರದಲ್ಲಿ ಯಾರೋ ದೊಡ್ಡ ವಿದ್ವಾಂಸರು ಇದಾರಂತೆ. ಇಸವಿ ತಪ್ಪಿದ್ರೆ ಮದುವೆಮನೆಯವರನ್ನೂ ಬಿಡೋದಿಲ್ವಂತೆ. ಅಂಥವರು ಹೇಳಿದ ಮೇಲೆ ನಾವೇನು ಚೆಕ್ ಮಾಡೋದು ಸಾರ್?"

ಫಾರ್ವರ್ಡನ್ನು ನನಗೂ ಕಳುಹಿಸೆಂದೆ. ಬಂತು. ನನ್ನದೇ ವಾಕ್ಯ. ಯಾರ ಕೈಯಲ್ಲೋ ‘ಬಹುಶಃ’ ಉದುರಿತ್ತು; ಇನ್ಯಾರ ಕೈಯಲ್ಲೋ ಪ್ರಶ್ನಾರ್ಥಕ ಚಿಹ್ನೆ ಬಿದ್ದಿತ್ತು; ‘ಸೂಕ್ಷ್ಮ ಪರಿಶೀಲನೆ’, ‘ಬಲ್ಲವರು’ ಎಲ್ಲರೂ ದಾರಿಯಲ್ಲೇ ಇಳಿದು ಹೋಗಿದ್ದರು. ಉಳಿದಿದ್ದದ್ದು ನುಣುಪಾದ ಒಂದು ಇಸವಿ, ಅದರ ಸುತ್ತ ಎರಡು ನಕ್ಷತ್ರ. ನಾನು ನನ್ನನ್ನೇ ಮೂರು ಬಾರಿ ಭೇಟಿಯಾಗಿ, ಮೂರು ಬಾರಿಯೂ ಗುರುತು ಹಿಡಿಯದೆ, ಎಂಥ ವಿದ್ವಾಂಸರಪ್ಪ ಎಂದು ಕೈಮುಗಿದು ಬಂದಿದ್ದೆ. ಇಷ್ಟು ಹೊತ್ತು ಮಾತನಾಡಿದ್ದು ಯಾರೆಂದು ಹರೀಶನಿಗೆ ಹೇಳಿದೆ. ಗಾಬರಿಯಲ್ಲಿ ಅವನ ಕನ್ನಡ ಹಿಂದೆ ಸರಿದು ತೆಲುಗು ಮುಂದೆ ಬಂತು: "ಅಯ್ಯಯ್ಯೋ! ಮೀರೇನಾ ಸಾರ್ ಅದಿ?" ಹೌದಪ್ಪ, ನಾನೇ ಅದು ಎಂದೆ.

ಮುನಿರತ್ನಮ್ಮನವರಿಗೆ ಫೋನು ಮಾಡಿದರೆ ಎತ್ತಲೊಲ್ಲರು. ಮತ್ತೆ ಮತ್ತೆ ಮಾಡಿದೆ. ಗ್ರಾನೈಟಿನ ಮೇಲೆ ಉಳಿ ಬಿದ್ದರೆ ಮುಗಿಯಿತು. ಕಾಗದದ ತಪ್ಪನ್ನು ತಿದ್ದೋಲೆಯಿಂದ ಸರಿಪಡಿಸಬಹುದು; ಕಲ್ಲಿನ ತಪ್ಪು ನಮ್ಮ ಮರಿಮಕ್ಕಳ ಕಾಲದ ಸಂಶೋಧಕನೊಬ್ಬನಿಗೆ ಮೂಲ ಆಧಾರವಾಗುತ್ತದೆ. ನಾನು ಚಪ್ಪಲಿ ಹುಡುಕುತ್ತಿದ್ದರೆ ಜಯಮ್ಮ ಛತ್ರಿಯನ್ನು ಕೈಗೆ ಕೊಟ್ಟು, "ಜ್ಞಾನ ಹುಡುಕ್ಕೊಂಡು ಬರೋ ಹೊತ್ತಿಗೆ ನೀವು ಮನೇಲಿ ಇರಲ್ಲ ಅಂತ ಹೇಳ್ಲಾ?" ಎಂದಳು. ಛತ್ರಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದೆ. ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವನು ಚಾಲಕನಿಗಿಂತ ಹೆಚ್ಚು ಬಾರಿ ಕಾಲಿನಿಂದ ಇಲ್ಲದ ಆಕ್ಸಿಲರೇಟರನ್ನು ಒತ್ತಿದೆ. ಅಲ್ಲಿಂದ ತಾಯಲೂರಿಗೆ ಇನ್ನೊಂದು ಬಸ್ಸು, ಅಲ್ಲಿಂದ ಟೊಮೇಟೊ ಕ್ರೇಟುಗಳ ನಡುವೆ ಒಂದು ಟೆಂಪೊ.

ಕೆರೆಯ ಏರಿಯ ಮೇಲೆ ಜನ ಸೇರಿದ್ದರು. ಟಣ್ ಟಣ್ ಎಂಬ ಉಳಿಯ ಸದ್ದು ನನಗೆ ದೂರದಿಂದಲೇ ಕೇಳಿಸಿತು. ಛತ್ರಿಯನ್ನು ಎತ್ತಿ ಬೀಸುತ್ತ, "ನಿಲ್ಲಿಸಿ! ನಿಲ್ಲಿಸಿ!" ಎಂದು ಕೂಗುತ್ತ ಓಡಿದೆ. ಮಾಲೂರಿನ ಕಡೆಯಿಂದ ಬಂದಿದ್ದ ಕಲ್ಲು ಕೆತ್ತುವ ನಾರಾಯಣಾಚಾರಿ ಸುತ್ತಿಗೆ ಕೆಳಗಿಟ್ಟು, ತಲೆಗೆ ಟವಲು ಹೊದ್ದುಕೊಂಡು, "ಏನ್ ಸ್ವಾಮಿ, ಜೇನು ಎದ್ದೈತಾ?" ಎಂದು ಮೇಲೆ ನೋಡಿದರು.

ಮುನಿರತ್ನಮ್ಮ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಬಂದರು. "ಯಾಕ್ ಸಾರ್ ಹಿಂಗೆ ಓಡ್ಬಂದ್ರಿ? ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ಮಾಡಿದೆನಮ್ಮಾ. ನೀವು ಎತ್ತಲಿಲ್ಲ."

"ತೋಟದಲ್ಲಿ ಟೊಮೇಟೊ ಕೀಳಿಸ್ತಿದ್ದೆ ಸಾರ್, ಫೋನು ಮನೇಲೈತೆ. ಏನಾಯ್ತು ಹೇಳಿ."

ಉಸಿರು ಹಿಡಿದುಕೊಂಡು ಹೇಳಿದೆ. ಎರಡು ಆವರ್ತಗಳಲ್ಲಿ ಯಾವುದೆಂದು ಇನ್ನೂ ತಿಳಿದಿಲ್ಲ, ಆ ಇಸವಿಗೆ ಆಧಾರವಿಲ್ಲ, ಅದನ್ನು ಕೆತ್ತಬಾರದು ಎಂದೆ. ಅವರು ಸೊಂಟದ ಮೇಲೆ ಕೈಯಿಟ್ಟರು.

"ಆ ಇಸವಿ ಹೇಳಿದ್ಯಾರು ಸಾರ್?"

"ನಾನೇ."

"ಈಗ ಅದು ಬೇಡ ಅಂತಿರೋರು?"

"ಅದೂ ನಾನೇ."

"ಹಂಗಾದ್ರೆ ನೀವಿಬ್ರೂ ಒಂದ್ ಕಡೆ ಕೂತ್ಕೊಂಡು ಮಾತಾಡ್ಕೊಂಡು ಬಂದ್ಬಿಡಿ ಸಾರ್. ನಾವು ಅಷ್ಟರಲ್ಲಿ ಟೀ ಕುಡೀತೀವಿ."

ಏರಿಯ ಮೇಲಿದ್ದವರೆಲ್ಲ ನಕ್ಕರು. ನಾನು ಕಲ್ಲನ್ನು ನೋಡಿದೆ. ‘ಈ ಕೆರೆಯ ತೂಬನ್ನು ಕಟ್ಟಿಸಿದ ವರ್ಷ ಕ್ರಿ.ಶ.’ ಎಂಬುದು ಸೊಗಸಾದ ಅಕ್ಷರಗಳಲ್ಲಿ ಮೂಡಿತ್ತು. ಮುಂದಿನ ಅಂಕಿಗಳಿಗೆ ಬಿಳಿಯ ಬಣ್ಣದಲ್ಲಿ ಗುರುತು ಹಾಕಿದ್ದರು. ಅವುಗಳ ಪೈಕಿ ಮೊದಲ ಅಂಕಿ, ಒಂದು, ಆಗಲೇ ಕಲ್ಲಿನೊಳಗೆ ಇಳಿದಿತ್ತು. ಅಳಿಸಲು ಸಾಧ್ಯವೇ ಎಂದು ಕೇಳಿದೆ. "ಇದೇನು ಸ್ಲೇಟಾ ಸ್ವಾಮಿ?" ಎಂದರು ಆಚಾರಿ. ಯೋಚಿಸಿದೆ. ಎರಡು ಆವರ್ತಗಳಲ್ಲಿ ಯಾವುದು ನಿಜವಾದರೂ ಇಸವಿ ಒಂದರಿಂದಲೇ ಆರಂಭವಾಗಬೇಕು. ಹಾಗಾಗಿ ಆ ಒಂದು ಮಾತ್ರ ನಿರ್ವಿವಾದ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅದಿರಲಿ, ಉಳಿದ ಅಂಕಿಗಳ ಜಾಗವನ್ನು ಸದ್ಯ ಖಾಲಿ ಬಿಡಿ, ಖಚಿತವಾದ ಕೂಡಲೇ ತಿಳಿಸುತ್ತೇನೆ ಎಂದೆ. ಬಿಳಿಯ ಗುರುತುಗಳನ್ನು ಆಚಾರಿ ಒದ್ದೆ ಬಟ್ಟೆಯಿಂದ ಒರೆಸಿದರು. ನನ್ನ ಆಯುಷ್ಯದಲ್ಲಿ ಇದಕ್ಕಿಂತ ಜಾಗರೂಕವಾದ ತೀರ್ಮಾನವನ್ನು ನಾನು ಮಾಡಿದ್ದಿಲ್ಲ. ತಿಳಿದಷ್ಟನ್ನು ಹೇಳುವುದು, ತಿಳಿಯದ್ದನ್ನು ಬಿಡುವುದು: ಸಂಶೋಧನೆ ಎಂದರೆ ಅಷ್ಟೇ ತಾನೆ?

ಬಂದದ್ದಾಯಿತೆಂದು ತೂಬಿನ ಬಳಿಯ ಹಳೆಯ ಕಲ್ಲಿನ ಹತ್ತಿರ ಇಳಿದೆ. ಅದನ್ನು ಅಷ್ಟು ದಿನವೂ ಫೋನಿನ ಗಾಜಿನಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡಿದ್ದೆನೇ ಹೊರತು ಕೈಯಿಂದ ಮುಟ್ಟಿರಲಿಲ್ಲ. ಮುನಿರತ್ನಮ್ಮ ಒಂದು ಬಿಂದಿಗೆ ನೀರು ತರಿಸಿದರು. ಬ್ರಷ್ಷಿನಿಂದ ಪಾಚಿ ಉಜ್ಜಿ, ಒದ್ದೆ ಕಾಗದ ಅಂಟಿಸಿ, ಮಸಿ ತಟ್ಟಿ ಅಚ್ಚು ತೆಗೆಯುವ ಹಳೆಯ ವಿದ್ಯೆ ನನ್ನ ಕೈಗಳಿಗೆ ಇನ್ನೂ ನೆನಪಿತ್ತು. ಸಾಮಾನುಗಳನ್ನು ಮುಳಬಾಗಿಲಿನಿಂದ ನಾಗವೇಣಿಯವರು ಸ್ಕೂಟರಿನಲ್ಲಿ ತಂದುಕೊಟ್ಟರು. ಪಾಚಿಯ ಕೆಳಗೆ, ಯಾವ ಚಿತ್ರದಲ್ಲಿಯೂ ಕಾಣದಿದ್ದ ಅರ್ಧ ಸಾಲಿತ್ತು. ಅದರಲ್ಲಿ ತಿಥಿಯೂ ವಾರವೂ ಇದ್ದವು. ಬಹಳ ಕಾಲದ ನಂತರ ಮೊಣಕಾಲವರೆಗೆ ಕೆಸರಾಗಿ, ಬೆರಳೆಲ್ಲ ಮಸಿಯಾಗಿ, ನಾನು ಎಷ್ಟೋ ಹೊತ್ತು ಫೋನು ನೋಡಿರಲಿಲ್ಲ.

ತಿಥಿ, ವಾರ ಎರಡೂ ಸಿಕ್ಕ ಮೇಲೆ ಅವು ಯಾವ ಆವರ್ತಕ್ಕೆ ಹೊಂದುತ್ತವೆಂದು ಲೆಕ್ಕ ಹಾಕಬಹುದು. ಈ ಸಲ ನನ್ನ ಅಭಿಪ್ರಾಯವನ್ನು ಯಾರಿಗೂ ಹೇಳಲಿಲ್ಲ. ಅಚ್ಚಿನ ಚಿತ್ರವನ್ನು ಪಿಳ್ಳಪ್ಪನಿಗೂ ನಾಗವೇಣಿಯವರಿಗೂ ಬೇರೆಬೇರೆಯಾಗಿ ಕಳುಹಿಸಿ, ಒಬ್ಬರನ್ನೊಬ್ಬರು ಕೇಳಬಾರದೆಂದು ಆಣೆ ಹಾಕಿಸಿ, ಲೆಕ್ಕ ಮಾಡಲು ಹೇಳಿದೆ. ನಾಗವೇಣಿಯವರಿಗೆ ಲೆಕ್ಕದ ಕ್ರಮವನ್ನು ಪರದೆಯ ಮೇಲೆ ಕಲಿಸಿದೆ. ಪಂಚಾಂಗದ ಕೋಷ್ಟಕಗಳನ್ನು ಆನ್‌ಲೈನ್‌ನಲ್ಲಿ ಎಲ್ಲಿ ಹುಡುಕಬೇಕೆಂದು ಅವರು ನನಗೆ ಕಲಿಸಿದರು. ಉತ್ತರಕ್ಕಾಗಿ ಕಾದ ದಿನಗಳಲ್ಲಿ ನಮ್ಮ ಹಜಾರದ ನೆಲ ಸವೆಯಿತೆಂದು ಜಯಮ್ಮನ ದೂರು. ಕೊನೆಗೆ ಎರಡು ಉತ್ತರಗಳೂ ಬಂದವು. ಎರಡೂ ಒಂದೇ. ನನ್ನ ಲೆಕ್ಕವೂ ಅದೇ. ಎರಡನೆಯ ಆವರ್ತ. ಅಂದರೆ ಕೆರೆ ಕಿರಿಯದು, ಅಂದರೆ ನನ್ನ ಊಹೆ ಪೂರಾ ಅರವತ್ತು ವರ್ಷ ತಪ್ಪು. ತಪ್ಪೆಂದು ಸಿದ್ಧವಾದದ್ದಕ್ಕೆ ಇಷ್ಟು ಸಂತೋಷಪಟ್ಟವನು ಕೋಲಾರದಲ್ಲಿ ಇನ್ನೊಬ್ಬನಿರಲಾರ. ಜಾಲವೆಂದರೆ ಇದು ಎಂದು ಪಿಳ್ಳಪ್ಪನಿಗೆ ಫೋನಿನಲ್ಲಿ ಭಾಷಣ ಮಾಡಿದೆ. "ಸರಿ ಕಣೋ, ಮೊದಲು ಆ ಯಮ್ಮನಿಗೆ ಹೇಳು" ಎಂದ.

ಹೇಳುವುದು ನೋವಿನ ಕೆಲಸ. ಮೊದಲ ದೀಪ ಕೈತಪ್ಪುತ್ತದೆಂದು ಕೇಳಿ ಅವರು ಎಷ್ಟು ನೊಂದುಕೊಳ್ಳುವರೋ ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತಿರುವಾಗಲೇ ಅಲರ್ಟಿನ ಗಂಟೆ ಹೊಡೆಯಿತು. ಹರೀಶನ ಹೊಸ 'ತಿದ್ದುಪಡಿ' ವೀಡಿಯೊ. ಏರಿಯ ಮೇಲೆ ಫಲಕ ನಿಂತಿದೆ; ಹೂವಿನ ಹಾರ ಹಾಕಿದೆ; ಕೆರೆ ಕೋಡಿ ಹರಿಯುತ್ತಿದೆ; ಡ್ರೋನು ಮೇಲಿನಿಂದ ನಿಧಾನವಾಗಿ ಇಳಿದು ಕಲ್ಲಿನ ಹತ್ತಿರ ಬರುತ್ತದೆ. ‘ಈ ಕೆರೆಯ ತೂಬನ್ನು ಕಟ್ಟಿಸಿದ ವರ್ಷ ಕ್ರಿ.ಶ. ೧’. ಮುಂದೆ ನುಣ್ಣನೆಯ, ಹೊಳೆಯುವ, ಖಾಲಿ ಗ್ರಾನೈಟು. ಅದೇ ಗಂಭೀರ ಧ್ವನಿ ವಾದ್ಯಗಳ ನಡುವೆ ಮೊಳಗಿತು: ಹಿಂದೆ ನಾವು ಹೇಳಿದ ಇಸವಿಗೆ ಆಧಾರವಿಲ್ಲವೆಂದು ಕೋಲಾರದ ವಿದ್ವಾಂಸರು ಸ್ವತಃ ಬಂದು ತಡೆದರು, ಅವರೇ ಖುದ್ದಾಗಿ ನಿಂತು ನಿರ್ವಿವಾದವೆಂದು ಒಪ್ಪಿದ ವರ್ಷ, ಕ್ರಿಸ್ತಶಕ ಒಂದು.

ಅರವತ್ತು ವರ್ಷದ ತಪ್ಪನ್ನು ತಡೆಯಲು ಎರಡು ಬಸ್ಸು ಒಂದು ಟೆಂಪೊ ಹತ್ತಿದವನು ನಾನು. ಮುನಿರತ್ನಮ್ಮನವರಿಗೆ ಕರೆ ಮಾಡಿದೆ. ಈ ಬಾರಿ ಮೊದಲ ಗಂಟೆಗೇ ಎತ್ತಿದರು.

"ಅಮ್ಮಾ, ಇಸವಿ ಸಿಕ್ಕಿದೆ. ಖಚಿತವಾಗಿದೆ. ಮೂವರು ಬೇರೆಬೇರೆ ಲೆಕ್ಕ ಮಾಡಿದ್ದೇವೆ. ಆಚಾರಿಯವರನ್ನು ನಾಳೆಯೇ ಕರೆಸಿ."

"ಯಾವ ಆವರ್ತ ಸಾರ್?"

"ಎರಡನೆಯದು."

ಕೋಡಿ ಹರಿಯುವ ಸದ್ದಿನ ನಡುವೆ ಅವರ ದನಿ ಬಂತು.

"ಅಂದ್ರೆ ನಾವು ಚಿಕ್ಕೋರು."

"ಹೌದಮ್ಮಾ. ಆದರೆ ಈಗ ಕಲ್ಲಿನ ಮೇಲಿರುವುದನ್ನು ಜನ ತಪ್ಪಾಗಿ ಓದುತ್ತಿದ್ದಾರೆ. ಕ್ರಿಸ್ತಶಕ ಒಂದು ಎಂದು!"

"ಗೊತ್ತು ಸಾರ್. ಬೈರಕೂರು ಕಡೆಯೋರೂ ಬಂದು ಓದ್ಕೊಂಡು ಹೋದ್ರು. ಒಂದು ಮಾತಾಡ್ಲಿಲ್ಲ. ನಿನ್ನೆ ಮೊದಲ ದೀಪ ನಮ್ಮ ಕೆರೇಲೇ ಬಿಟ್ರು."

"ಅದಕ್ಕೇ ಹೇಳುತ್ತಿರುವುದು. ಉಳಿದ ಅಂಕಿಗಳನ್ನು ತಕ್ಷಣ ಕೆತ್ತಿಸಬೇಕು."

"ಅಯ್ಯೋ, ಅವಸರ ಏನೈತೆ ಸಾರ್?" ಎಂದರು ಮುನಿರತ್ನಮ್ಮ, ಇಷ್ಟು ದಿನ ನಾನು ಅವರಲ್ಲಿ ಕೇಳಿರದ ಒಂದು ಶಾಂತ ಸ್ವರದಲ್ಲಿ. "ಹೋದ್ಸಲಾನೂ ನೀವು ಸಂಶಯ ಇಲ್ಲ ಅಂತಾನೇ ಅಂದಿದ್ರಿ. ಇನ್ನೂ ಸ್ವಲ್ಪ ಕಲೀರಿ."